ಆಗುಂಬೆ ಘಾಟಿಯಲ್ಲಿ ಕುದಿದ ಮಾರುತಿ 800: ಎಂಟು ವಾರಗಳ ರಿಪೇರಿ ದಿನಚರಿ

ನಮ್ಮ ಮನೆಯ ಕಾರು 1999ರ ಮಾರುತಿ 800, ಕಾರ್ಬ್ಯುರೇಟರ್ ಇರುವ ಎ.ಸಿ. ಮಾದರಿ. ಅಪ್ಪ ಕೊಂಡದ್ದು, ಅವರ ನಂತರ ನನ್ನ ಪಾಲಿಗೆ ಬಂದಿದೆ. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಇಷ್ಟು ವರ್ಷ ದೊಡ್ಡ ರಿಪೇರಿಯನ್ನು ಕೇಳಿರಲಿಲ್ಲ. ಕಳೆದ ಏಳೆಂಟು ವರ್ಷ ಅದರ ರೇಡಿಯೇಟರಿಗೆ ನಾನು ನಮ್ಮ ಬಾವಿಯ ನೀರನ್ನೇ ಹಾಕುತ್ತಾ ಬಂದಿದ್ದೆ. ಮುಂದೆ ಬರೆದಿರುವ ಎಲ್ಲ ಕೆಲಸಕ್ಕೂ ಖರ್ಚಿಗೂ ಮೂಲ ಇದೇ ಎಂಬುದು ನನಗೆ ಗೊತ್ತಾಗಲು ನಾಲ್ಕು ವಾರ ಬೇಕಾಯಿತು. ಕೆಲಸ ಮಾಡಿದ ದಿನಗಳಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಕೊಡುತ್ತಿದ್ದೇನೆ.

ಏಪ್ರಿಲ್ 9, 2023, ಭಾನುವಾರ

ಉಡುಪಿಯಿಂದ ತೀರ್ಥಹಳ್ಳಿಗೆ ಹಿಂದಿರುಗುವಾಗ ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದ್ದೆವು. ಮಧ್ಯಾಹ್ನ ಎರಡೂವರೆ, ಕಾರಿನಲ್ಲಿ ನಾಲ್ಕು ಜನ, ಎ.ಸಿ. ಬಂದ್. ಕೆಳಗಿನಿಂದ ಎಣಿಸಿದರೆ ಏಳನೆಯ ತಿರುವಿನಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿದ್ದನ್ನು ಗಮನಿಸಿದೆ. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿದಿದೆ, ಹೇಗಾದರೂ ಮೇಲೆ ತಲುಪಿಬಿಟ್ಟರೆ ಅಲ್ಲಿ ನಿಲ್ಲಿಸಿ ನೋಡಬಹುದು ಎಂದುಕೊಂಡು ಎರಡನೇ ಗೇರಿನಲ್ಲಿಯೇ ಮುಂದುವರಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದು. ಮುಂದಿನ ಒಂದೂವರೆ ಕಿಲೋಮೀಟರಿನಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು, ಎಂಜಿನ್ನಿನ ಎಳೆತ ಕುಗ್ಗಿತು, ಬಾನೆಟ್ಟಿನ ಅಂಚಿನಿಂದ ಹಬೆ ಏಳತೊಡಗಿತು. ಆಮೇಲೆ ನಿಲ್ಲಿಸಿದೆ.

ಬಾನೆಟ್ ಎತ್ತಿ ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಹಿಂದೆ ಬಂದ ಜೀಪಿನ ಚಾಲಕರು, "ಮುಚ್ಚಳ ಮುಟ್ಟಬೇಡಿ ಸಾರ್, ಹಬೆ ಮುಖಕ್ಕೇ ಹೊಡೀತದೆ, ಅರ್ಧ ಗಂಟೆ ಬಿಡಿ" ಎಂದು ತಡೆದರು. ಅವರ ಮಾತು ಕೇಳಿದ್ದರಿಂದ ಮುಖ ಉಳಿಯಿತು. ಕೂಲಿಂಗ್ ಫ್ಯಾನ್ ತಿರುಗುತ್ತಿರಲಿಲ್ಲ ಎಂಬುದನ್ನೂ, ದಾರಿಯಲ್ಲಿ ಬಿಸಿ ಇಳಿಯಲೆಂದು ಹಾಕಿದ ಹೀಟರಿನಿಂದ ತಣ್ಣನೆಯ ಗಾಳಿ ಬಂದಿತ್ತು ಎಂಬುದನ್ನೂ ಅಂದು ರಾತ್ರಿ ಬರೆದಿಟ್ಟೆ. ಎಂಜಿನ್ ಕುದಿಯುತ್ತಿರುವಾಗ ಹೀಟರ್ ತಣ್ಣಗಿದೆ ಎಂದರೆ ಬಿಸಿ ನೀರು ಅಲ್ಲಿಯವರೆಗೆ ಬರುತ್ತಲೇ ಇಲ್ಲ ಎಂದರ್ಥ. ಸುಳಿವು ಕಣ್ಣ ಮುಂದೆ ಇತ್ತು. ನಾನು ಫ್ಯಾನನ್ನು ಮಾತ್ರ ಹಿಡಿದುಕೊಂಡೆ.

ಐವತ್ತು ನಿಮಿಷ ಕಾದು ಎರಡು ಲೀಟರ್‌ಗಿಂತ ಸ್ವಲ್ಪ ಹೆಚ್ಚು ಕುಡಿಯುವ ನೀರು ಹಾಕಿ, ಮೂರು ಕಡೆ ನಿಲ್ಲಿಸುತ್ತಾ ಮನೆ ಸೇರಿದೆವು.

ಏಪ್ರಿಲ್ 11, ಮಂಗಳವಾರ

ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಿದರು, ತಿರುಗಿತು. ಹಾಗಾದರೆ ನೀರು ಬಿಸಿಯಾದಾಗ ಫ್ಯಾನನ್ನು ಚಾಲೂ ಮಾಡುವ ಸ್ವಿಚ್ಚೇ ಕೆಟ್ಟಿದೆ ಎಂದು ಹೊಸ ಥರ್ಮೋ ಸ್ವಿಚ್ ಹಾಕಿದರು. ಜೊತೆಗೆ, "ನಮ್ಮ ಊರಿಗೆ ಇದು ಬೇಡ ಸಾರ್" ಎನ್ನುತ್ತಾ ಥರ್ಮೋಸ್ಟಾಟ್ ಅನ್ನು, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟವನ್ನು, ಕಿತ್ತು ಬದಿಗಿಟ್ಟರು. ಈ ಮಾತು ನಮ್ಮ ಕಡೆ ಎಷ್ಟು ರೂಢಿಯಲ್ಲಿದೆಯೆಂದರೆ ನಾನು ಎದುರು ಹೇಳಲಿಲ್ಲ. ಸ್ವಿಚ್ಚಿಗೆ 280 ರೂಪಾಯಿ, ಕೂಲಿ 300. ಹಳೆಯ ಸ್ವಿಚ್ಚನ್ನು ಕೇಳಿ ಪಡೆದುಕೊಂಡೆ. ಬದಲಿಸಿದ ಪ್ರತಿ ಭಾಗವನ್ನೂ ಮನೆಗೆ ತರುವುದು ಅಪ್ಪನಿಂದ ಬಂದ ಅಭ್ಯಾಸ. ಈ ಸಲ ಅದು ಉಪಯೋಗಕ್ಕೆ ಬಂತು.

ಎಂಟು ಕಿಲೋಮೀಟರ್ ಸಮತಟ್ಟಾದ ರಸ್ತೆಯಲ್ಲಿ ಓಡಿಸಿದಾಗ ತೊಂದರೆಯೇನೂ ಕಾಣಲಿಲ್ಲ.

ಏಪ್ರಿಲ್ 16, ಭಾನುವಾರ

ಶಿವಮೊಗ್ಗಕ್ಕೆ ಹೊರಟೆ. ನಲವತ್ತರ ವೇಗದಲ್ಲಿ ಹೋಗುವಾಗ ಮುಳ್ಳು ತಳದಿಂದ ಏಳಲೇ ಇಲ್ಲ, ಮಂಡಗದ್ದೆ ದಾಟಿ ಅರವತ್ತಕ್ಕೆ ಏರಿಸಿದೊಡನೆ ಮುಕ್ಕಾಲಿಗೆ ಹೋಯಿತು, ನಿಧಾನಿಸಿದರೆ ಮತ್ತೆ ಇಳಿಯಿತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಚ್ಚಗಾಗಬೇಕಾದಾಗ ಅತಿಯಾಗಿ ತಣ್ಣಗಿರುತ್ತದೆ, ಬಿಸಿಯಾಗಬಾರದಾಗ ಬಿಸಿಯಾಗಿಯೇ ತೀರುತ್ತದೆ. ಅದನ್ನು ಕಿತ್ತುಹಾಕಿದ್ದರಿಂದ ನಿಜವಾದ ತೊಂದರೆ ಎಲ್ಲಿದೆ ಎಂಬುದೂ ಮಸುಕಾಯಿತು.

ಶಿವಮೊಗ್ಗದಲ್ಲಿ 82 ಡಿಗ್ರಿಯ ಹೊಸ ಥರ್ಮೋಸ್ಟಾಟ್ 360 ರೂಪಾಯಿಗೆ, ಅದರ ಪೇಪರ್ ಗ್ಯಾಸ್ಕೆಟ್ 20 ರೂಪಾಯಿಗೆ ಸಿಕ್ಕಿತು. ಮನೆಗೆ ಬಂದು ಹಾಲು ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ತಳ ಮುಟ್ಟದಂತೆ ನೂಲಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್ ಹಿಡಿದು ಒಲೆ ಹಚ್ಚಿದೆ. 80ರವರೆಗೆ ಅಲುಗಾಡಲಿಲ್ಲ. 83ರ ಹೊತ್ತಿಗೆ ನಡುವಿನ ತಟ್ಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಕಾಣಿಸಿತು, 94ಕ್ಕೆ ಪೂರ್ತಿ ಬಾಯಿ ತೆರೆಯಿತು, ಒಲೆ ಆರಿಸಿದ ಮೇಲೆ ಮೆಲ್ಲನೆ ಮುಚ್ಚಿಕೊಂಡಿತು. ಅದೇ ನೀರಿನಲ್ಲಿ, ವೈರ್ ತುದಿಯನ್ನು ಮೇಲೆ ಉಳಿಸಿ, ಹಳೆಯ ಫ್ಯಾನ್ ಸ್ವಿಚ್ಚನ್ನೂ ಇಳಿಬಿಟ್ಟು ಮಲ್ಟಿಮೀಟರ್ ಹಚ್ಚಿದೆ. 93 ಡಿಗ್ರಿಗೆ ಅದು ಸರಿಯಾಗಿಯೇ ಸಂಪರ್ಕ ಕೊಟ್ಟಿತು.

ಅಂದರೆ ಸ್ವಿಚ್ ಕೆಟ್ಟಿರಲೇ ಇಲ್ಲ. ಘಾಟಿಯಲ್ಲಿ ನೀರು ಇಳಿದುಹೋಗಿ ಸ್ವಿಚ್ಚಿನ ಸುತ್ತ ಹಬೆಯಷ್ಟೇ ಉಳಿದಿದ್ದರಿಂದ ಅದು ಕೆಲಸ ಮಾಡಿರಲಿಲ್ಲ. 580 ರೂಪಾಯಿ ವ್ಯರ್ಥವಾಯಿತು. ಹತ್ತು ನಿಮಿಷದ ಈ ಒಲೆ ಪರೀಕ್ಷೆಯನ್ನು ಕೊಳ್ಳುವ ಮುನ್ನ ಮಾಡಬೇಕಿತ್ತು.

ಏಪ್ರಿಲ್ 23, ಭಾನುವಾರ

ಇನ್ನು ರೇಡಿಯೇಟರೇ ಕಟ್ಟಿಕೊಂಡಿರಬೇಕು ಎಂದು ತೀರ್ಮಾನಿಸಿ ನಾನೇ ಬಿಚ್ಚಿದೆ. ಬ್ಯಾಟರಿಯ ಮೈನಸ್ ತೆಗೆದು, ಕೆಳಗಿನ ಹೋಸ್ ಕಳಚಿ ನೀರನ್ನು ಬಕೆಟ್ಟಿಗೆ ಇಳಿಸಿದೆ. ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು, ತಳದಲ್ಲಿ ಕೆಂಪು ಕೆಸರು. ಬಯಲುಸೀಮೆಯ ಬೋರ್‌ವೆಲ್ ನೀರಾದರೆ ಒಳಗೆ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ನಮ್ಮ ಮಲೆನಾಡಿನ ಬಾವಿ ನೀರು ಮೆದು, ಪಾತ್ರೆಯಲ್ಲಿ ಪದರ ಕಟ್ಟುವುದಿಲ್ಲ, ಆದ್ದರಿಂದ ಎಂಜಿನ್ನಿಗೂ ಒಳ್ಳೆಯದೆಂದು ನಾನು ನಂಬಿದ್ದೆ. ಅದು ಸುಣ್ಣ ಕಟ್ಟುವುದಿಲ್ಲ ನಿಜ, ಆದರೆ ಕಬ್ಬಿಣವನ್ನು ತಿನ್ನುತ್ತದೆ.

ಫ್ಯಾನಿನ ಚೌಕಟ್ಟು, ಎರಡು ಹೋಸ್, ಮೇಲಿನ ಬೋಲ್ಟುಗಳನ್ನು 10ರ ರಿಂಗ್ ಸ್ಪ್ಯಾನರಿನಲ್ಲಿ ಬಿಚ್ಚಿ ರೇಡಿಯೇಟರನ್ನು ಮೇಲಕ್ಕೆ ಎತ್ತಿದೆ. ಹಿಂದೆ ಯಾವಾಗಲೋ ಹಾಕಿಸಿದ್ದ ತಾಮ್ರದ ಕೋರಿನದು. ಆದ್ದರಿಂದ ರೇಡಿಯೇಟರ್ ಅಂಗಡಿಯವರು ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಪ್ರತಿ ಕೊಳವೆಗೂ ತೆಳುವಾದ ಪಟ್ಟಿ ತೂರಿಸಿ ರಾಡಿಂಗ್ ಮಾಡಿಕೊಟ್ಟರು. ಕಾಲುಭಾಗದಷ್ಟು ಕೊಳವೆಗಳು ಮುಚ್ಚಿಹೋಗಿದ್ದವು. ರಾಡಿಂಗ್ 900, ಎರಡು ಹೋಸ್ 420, ನಾಲ್ಕು ಕ್ಲಿಪ್ 100.

ಇಲ್ಲಿ ಒಂದು ತಪ್ಪಾಯಿತು. ಕೆಳಗಿನ ಹೋಸಿಗೆ ಕೈ ಇಕ್ಕಟ್ಟಾದ್ದರಿಂದ ಹೊಸ ಕ್ಲಿಪ್ಪಿನ ಸ್ಕ್ರೂ ತಲೆಯನ್ನು ಒಳಮುಖವಾಗಿ ಕೂರಿಸಿಬಿಟ್ಟೆ. ನೀರು ತುಂಬಿದ ಮೇಲೆ ಅಲ್ಲಿಂದ ತೊಟ್ಟಿಕ್ಕತೊಡಗಿತು, ಬಿಗಿ ಮಾಡಲು ಸ್ಕ್ರೂಡ್ರೈವರ್ ತಲುಪಲಿಲ್ಲ, ಎಲ್ಲ ನೀರನ್ನೂ ಇಳಿಸಿ ಮತ್ತೆ ಜೋಡಿಸಲು ಮುಕ್ಕಾಲು ಗಂಟೆ ಹೋಯಿತು. ಕ್ಲಿಪ್ ಹಾಕುವ ಮೊದಲೇ ಸ್ಕ್ರೂ ಯಾವ ಕಡೆ ತಿರುಗಿದ್ದರೆ ಕೈಗೆ ಸಿಗುತ್ತದೆ ಎಂದು ನೋಡಿಕೊಳ್ಳಬೇಕು.

ಸಮತಟ್ಟಿನಲ್ಲಿ ಮುಳ್ಳು ಅರ್ಧದಲ್ಲಿ ನಿಂತಿತು. ಆದರೆ ಊರ ಹೊರಗಿನ ಏರಿನಲ್ಲಿ ಎರಡು ಕಿಲೋಮೀಟರ್ ಹತ್ತುವಷ್ಟರಲ್ಲಿ ಮತ್ತೆ ಮುಕ್ಕಾಲಿಗೆ ಏರಿತು.

ಏಪ್ರಿಲ್ 30, ಭಾನುವಾರ

ಊಹೆಯ ಮೇಲೆ ಭಾಗ ಬದಲಿಸುವುದನ್ನು ನಿಲ್ಲಿಸಿದೆ. 1,150 ರೂಪಾಯಿಗೆ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ತರಿಸಿದೆ. ಏರು ಹತ್ತಿ ಬಂದ ಕೂಡಲೇ ಎಂಜಿನ್ ಚಾಲೂ ಇಟ್ಟು ಅಳೆದಾಗ ಮೇಲಿನ ಹೋಸ್ 98 ಡಿಗ್ರಿ, ಕೆಳಗಿನ ಹೋಸ್ 47. ಈ ಅಂತರ ತೀರಾ ಹೆಚ್ಚು. ರೇಡಿಯೇಟರಿನಲ್ಲಿ ನೀರು ಹರಿಯದೆ ನಿಂತಲ್ಲೇ ತಣ್ಣಗಾಗುತ್ತಿದೆ ಎಂದು ಇದರಿಂದ ತಿಳಿಯುತ್ತದೆ.

ನಮ್ಮ ಬೀದಿಯಲ್ಲಿ ಬಸ್ ಡಿಪೋದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮೇಸ್ತ್ರಿಯೊಬ್ಬರಿದ್ದಾರೆ. ಅಳತೆ ಬರೆದ ಹಾಳೆ ಹಿಡಿದು ಅವರ ಬಳಿ ಹೋದೆ. ಅವರು ಹಾಳೆಯನ್ನು ನೋಡಿ, "ಮಾರಾಯ್ರೇ, ನೀರು ತಳ್ಳುವುದು ರೇಡಿಯೇಟರ್ ಅಲ್ಲ, ಪಂಪು. ಪಂಪು ನೋಡಿದ್ದೀರಾ?" ಎಂದು ಕೇಳಿದರು. ಪಂಪಿನಿಂದ ಒಂದು ಹನಿಯೂ ಸೋರುತ್ತಿಲ್ಲ, ಬೇರಿಂಗ್ ಸದ್ದೂ ಇಲ್ಲ ಎಂದೆ. "ಸೋರದಿದ್ದರೆ ಒಳಗೆ ಸರಿ ಇದೆ ಅಂತ ಯಾರು ಹೇಳಿದ್ದು?" ಎಂದರು.

ಸಂಜೆ ಅವರೇ ಬಂದರು. ಅಷ್ಟರಲ್ಲಿ ಪೂರ್ತಿ ಆರಿದ್ದ ಎಂಜಿನ್ನನ್ನು ಮುಚ್ಚಳ ಹಾಕಿ ಚಾಲೂ ಮಾಡಿಸಿ, ಒಂದು ನಿಮಿಷದಲ್ಲಿಯೇ ಮೇಲಿನ ಹೋಸನ್ನು ಹಿಂಡಿ ನೋಡಿದರು. ನೀರು ಇನ್ನೂ ತಣ್ಣಗಿದ್ದರೂ ಹೋಸ್ ಕಲ್ಲಿನಂತೆ ಬಿಗಿದಿತ್ತು. ನಿಲ್ಲಿಸಿ, ಒತ್ತಡ ಬಿಟ್ಟು, ಮುಚ್ಚಳ ತೆಗೆದು ಮತ್ತೆ ಚಾಲೂ ಮಾಡಿದಾಗ ಬಾಯಲ್ಲಿ ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದವು. ಅವರ ಗೇಜಿನಲ್ಲಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದೆವು: ಮೊದಲನೆಯ ಸಿಲಿಂಡರ್ 160 ಪಿ.ಎಸ್.ಐ., ಎರಡನೆಯದು 105, ಮೂರನೆಯದು 110. ಅಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿವೆ ಎಂದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ; ಎಂಜಿನ್ನಿನ ಹೆಡ್ ಮತ್ತು ಬ್ಲಾಕಿನ ನಡುವೆ ಕೂತು ಸಿಲಿಂಡರಿನ ಅನಿಲ ನೀರಿಗೆ ನುಗ್ಗದಂತೆ ತಡೆಯುವ ಪದರ ಅದು. ಘಾಟಿಯಲ್ಲಿ ನಿಲ್ಲಿಸದೆ ಓಡಿಸಿದ ಒಂದೂವರೆ ಕಿಲೋಮೀಟರಿನ ಫಲ ಇದು.

ಮೇ 7, ಭಾನುವಾರ

ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಹೆಡ್ ಬಿಚ್ಚುವ ಕೆಲಸ. ಮೇಸ್ತ್ರಿಗಳು ಕುರ್ಚಿಯಲ್ಲಿ ಕುಳಿತು ಹೇಳಿದರು, ನಾನು ಬಿಚ್ಚಿದೆ. ನೀರು ಮತ್ತು ಆಯಿಲ್ ಇಳಿಸಿ, ಏರ್ ಕ್ಲೀನರ್ ತೆಗೆದು, ಕಾರ್ಬ್ಯುರೇಟರಿನ ಸಣ್ಣ ಪೈಪುಗಳಿಗೆಲ್ಲ ಕಾಗದದ ಟೇಪಿನ ಮೇಲೆ ಸಂಖ್ಯೆ ಬರೆದು ಅಂಟಿಸಿದೆ. ಫೋಟೋ ಮಾತ್ರ ನಂಬಿ ಈ ಪೈಪುಗಳನ್ನು ಬಿಚ್ಚಬಾರದು. ಆಮೇಲೆ ಫೋಟೋದಲ್ಲಿ ಎಲ್ಲವೂ ಒಂದೇ ಕಪ್ಪು ಪೈಪಿನಂತೆ ಕಾಣುತ್ತವೆ. ಎಕ್ಸಾಸ್ಟ್ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರಿಂದ ಅವು ಸಲೀಸಾಗಿ ಬಂದವು.

ಬಾರದಿದ್ದದ್ದು ಥರ್ಮೋಸ್ಟಾಟ್ ಮುಚ್ಚಳದ ಒಂದು ಬೋಲ್ಟ್. ಎರಡು ವಾರದ ಹಿಂದೆ ಹೊಸ ಥರ್ಮೋಸ್ಟಾಟ್ ಕೂರಿಸುವಾಗ ನಾನೇ ಹಾಕಿದ್ದು, ಆಗ ಹಳೆಯ ತುಕ್ಕು ಹಿಡಿದ ಬೋಲ್ಟನ್ನೇ ಬಲವಂತವಾಗಿ ತಿರುಗಿಸಿ ಬಿಗಿದಿದ್ದೆ. ಈಗ ಕಾಲು ಸುತ್ತಿನಲ್ಲಿ ತಲೆ ತುಂಡಾಗಿ ಸ್ಪ್ಯಾನರಿನೊಂದಿಗೆ ಕೈಗೆ ಬಂತು. ಐದು ರೂಪಾಯಿಯ ಹೊಸ ಬೋಲ್ಟ್ ಹಾಕದೆ ಉಳಿಸಿದ್ದಕ್ಕೆ ಲೇತಿನಲ್ಲಿ 350 ಕೊಟ್ಟೆ.

ವಾಲ್ವುಗಳನ್ನು ಕ್ರ್ಯಾಂಕಿನ ಲಯಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟ್ ಕಳಚಿ, ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎತ್ತಿದೆವು. ಗ್ಯಾಸ್ಕೆಟ್ಟಿನಲ್ಲಿ ಎರಡು ಮತ್ತು ಮೂರನೆಯ ಸಿಲಿಂಡರುಗಳ ನಡುವಿನ ಕಿರಿದಾದ ಸೇತುವೆ ಕರಕಲಾಗಿ ಒಡೆದಿತ್ತು, ಅಲ್ಲಿಂದ ಪಕ್ಕದ ನೀರಿನ ತೂತಿನವರೆಗೆ ಕಪ್ಪು ಗೆರೆ ಎಳೆದಂತಿತ್ತು. ಹೆಡ್ಡಿನ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ ನಡುವೆ 0.12 ಮಿ.ಮೀ. ಹಾಳೆ ಹೋಯಿತು. ಕೈಪಿಡಿಯ ಪ್ರಕಾರ ಹೆಡ್ಡಿನ ಬಾಗು 0.05 ದಾಟಬಾರದು.

ಪಂಪನ್ನು ಬಿಚ್ಚುವುದು ಬೇಡ, ಹೊತ್ತಾಯಿತು ಎಂದು ನಾನು ಹೇಳಿದೆ. ಮೇಸ್ತ್ರಿಗಳು ಒಪ್ಪಲಿಲ್ಲ. ಬೆಲ್ಟ್ ಹೇಗೂ ತೆಗೆದಾಗಿದೆ, ಇನ್ನು ನಾಲ್ಕಾರು ಬೋಲ್ಟಿನ ಕೆಲಸ ಎಂದರು. ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಹೊರಗಿನಿಂದ ಅದಕ್ಕೆ ಏನೂ ಆಗಿರಲಿಲ್ಲ, ಶಾಫ್ಟ್ ಅಲುಗದೆ ನುಣುಪಾಗಿ ತಿರುಗುತ್ತಿತ್ತು. ಒಳಬದಿಯಲ್ಲಿ ನೀರು ತಳ್ಳುವ ರೆಕ್ಕೆಗಳು ಗೆದ್ದಲು ತಿಂದ ಹಲಗೆಯ ಅಂಚಿನಂತೆ ಸವೆದು, ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಒಂದು ರೆಕ್ಕೆಯನ್ನು ಉಗುರಿನಿಂದ ಒತ್ತಿದೆ, ಕೆಂಪು ಪುಡಿಯಾಗಿ ಉದುರಿತು. ನಿಧಾನಕ್ಕೆ ಹೋಗುವಾಗ ಅಷ್ಟು ರೆಕ್ಕೆಯೇ ಸಾಕಾಗುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. ಏಪ್ರಿಲ್ 9ರ ತಣ್ಣನೆಯ ಹೀಟರ್, 98 ಮತ್ತು 47ರ ಅಂತರ, ಡಿಕಾಕ್ಷನ್ ಬಣ್ಣದ ನೀರು, ಮೂರೂ ಆ ಪುಡಿಯಲ್ಲಿ ಕೂಡಿಕೊಂಡವು. ತುಂಬಾ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಅಪ್ಪ ಈ ಕಾರಿನ ರೇಡಿಯೇಟರಿಗೆ ತುಕ್ಕು ತಡೆಯುವ ಕೂಲಂಟ್ ಬಿಟ್ಟು ಬೇರೇನನ್ನೂ ಹಾಕುತ್ತಿರಲಿಲ್ಲ.

ಮೇ 9, ಮಂಗಳವಾರ

ಶಿವಮೊಗ್ಗದ ಲೇತಿನಲ್ಲಿ ಹೆಡ್ ಫೇಸಿಂಗ್, ಅಂದರೆ ಬಾಗಿದ ಮೈಯನ್ನು ಸಮತಟ್ಟು ಮಾಡಿಸಿದ್ದು, 700 ರೂಪಾಯಿ. ತುಂಡಾದ ಬೋಲ್ಟನ್ನು ಕೊರೆದು ತೆಗೆದು ಥ್ರೆಡ್ ಹೊಸದಾಗಿ ಕೊಯ್ದುಕೊಟ್ಟರು. ಸಾಮಾನು: ಗ್ಯಾಸ್ಕೆಟ್ ಸೆಟ್ 780, ವಾಟರ್ ಪಂಪ್ 1,050, ಟೈಮಿಂಗ್ ಬೆಲ್ಟ್ 480, ಆಯಿಲ್ ಮತ್ತು ಫಿಲ್ಟರ್ 1,220, ರೇಡಿಯೇಟರ್ ಮುಚ್ಚಳ 150, ಕೂಲಂಟ್ ಎರಡು ಲೀಟರ್ 640, ಡಿಸ್ಟಿಲ್ಡ್ ವಾಟರ್ ಐದು ಲೀಟರ್ 120. ಮುಚ್ಚಳವನ್ನು ಕೊಳ್ಳುವಾಗ ಅದರ ಮೇಲೆ ಒತ್ತಡದ ಅಂಕೆ 0.9 ಎಂದು ಇದೆಯೇ ಎಂದು ನೋಡಿಕೊಂಡೆ. ಹಳೆಯದರ ರಬ್ಬರ್ ಬಿರುಕು ಬಿಟ್ಟಿತ್ತು.

ಮೇ 14, ಭಾನುವಾರ

ಜೋಡಣೆ. ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೋಲ್ಟ್ ತೂತುಗಳಲ್ಲಿ ನಿಂತಿದ್ದ ನೀರನ್ನು ಸಿರಿಂಜಿನಿಂದ ಎಳೆದು ತೆಗೆದೆವು. ನೀರು ನಿಂತ ತೂತಿಗೆ ಬೋಲ್ಟ್ ಬಿಗಿದರೆ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ. ಹೆಡ್ ಬೋಲ್ಟುಗಳನ್ನು ಈಗ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೊನೆಗೆ 58 ನ್ಯೂಟನ್ ಮೀಟರಿಗೆ ಬಿಗಿದೆ; ಕೈಪಿಡಿಯಲ್ಲಿರುವುದು 55ರಿಂದ 60.

ಟೈಮಿಂಗ್ ಬೆಲ್ಟ್ ಹಾಕಿ ಗುರುತುಗಳು ಸರಿ ಎನಿಸಿದ ಮೇಲೆ, ಪ್ಲಗ್ಗುಗಳನ್ನು ಹಾಕುವ ಮೊದಲು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದೆ. ಮೇಲಿನ ಗುರುತು ಒಂದು ಹಲ್ಲು ಮುಂದೆ ಹೋಗಿತ್ತು. ಟೆನ್ಷನರ್ ಬಿಗಿಯುವಾಗ ಬೆಲ್ಟಿನ ಸಡಿಲು ಭಾಗ ತಪ್ಪು ಕಡೆ ಉಳಿದುಬಿಟ್ಟಿತ್ತು. ಮತ್ತೆ ಕಳಚಿ ಸರಿಮಾಡಲು ಇಪ್ಪತ್ತು ನಿಮಿಷ ಸಾಕಾಯಿತು. ಈ ಎರಡು ಸುತ್ತನ್ನು ಯಾರೂ ಬಿಡಬಾರದು.

ವಾಲ್ವ್ ಸಂದುಗಳನ್ನು ಮೇಸ್ತ್ರಿಗಳೇ ಹೊಂದಿಸಿದರು. ಎರಡು ಲೀಟರ್ ಕೂಲಂಟಿಗೆ ಎರಡು ಲೀಟರ್ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬುವಾಗ ಮೂರು ಲೀಟರಿಗೆಲ್ಲ ಬಾಯಿ ತುಂಬಿ ನಿಂತಿತು. ಅವಸರದಲ್ಲಿ ಮುಚ್ಚಳ ಹಾಕಿ ಚಾಲೂ ಮಾಡಿದೆ, ಎಂಟು ನಿಮಿಷದಲ್ಲಿ ಮುಳ್ಳು ಒಮ್ಮೆಲೇ ಮುಕ್ಕಾಲಿಗೆ ಹಾರಿತು. ಎದೆ ಧಸಕ್ಕೆಂದಿತು. ಒಳಗೆ ಗಾಳಿ ಸಿಕ್ಕಿಕೊಂಡಿತ್ತು. ಪೂರ್ತಿ ಆರಿದ ಮೇಲೆ ಕಾರಿನ ಮುಂದಿನ ಚಕ್ರಗಳನ್ನು ಅಂಗಳದ ಏರಿಗೆ ಹತ್ತಿಸಿ, ಹೀಟರ್ ಪೂರ್ತಿ ತೆರೆದು, ಮುಚ್ಚಳ ತೆಗೆದು, ಮೇಲಿನ ಹೋಸನ್ನು ಹಿಂಡುತ್ತಾ ನಿಧಾನಕ್ಕೆ ಸುರಿದೆ. ಇನ್ನೂ 600 ಮಿಲಿಲೀಟರ್ ಹಿಡಿಯಿತು. ಈ ಸಲ ಹೀಟರಿನಿಂದ ಬಂದದ್ದು ಬಿಸಿ ಗಾಳಿ.

ಮೇಸ್ತ್ರಿಗಳು ದುಡ್ಡು ಬೇಡವೆಂದರು. ವೀಳ್ಯದೆಲೆಯ ಮೇಲೆ 1,500 ಇಟ್ಟು ಕೊಟ್ಟೆ.

ಮೇ 21, ಭಾನುವಾರ

ಹಗುರವಾದ ಪ್ರಯಾಣ ಪರೀಕ್ಷೆ ಆಗಲಾರದೆಂದು ನಾಲ್ಕು ಜನ ಕುಳಿತೇ ಆಗುಂಬೆ ಇಳಿದು, ಸೋಮೇಶ್ವರದಲ್ಲಿ ಚಹಾ ಕುಡಿದು, ಮಧ್ಯಾಹ್ನ ಎರಡಕ್ಕೆ ಮತ್ತೆ ಹತ್ತಿದೆವು. ಏಳನೆಯ ತಿರುವಿನಲ್ಲಿ ಮುಳ್ಳು ಅರ್ಧದಲ್ಲಿತ್ತು. ಹದಿನಾಲ್ಕನೆಯದು ಮುಗಿಯುವಾಗ ಅರ್ಧಕ್ಕಿಂತ ಒಂದು ಗೆರೆ ಮೇಲೆ ಹೋಗಿ, ಫ್ಯಾನ್ ಚಾಲೂ ಆಗಿ, ಇಳಿಯಿತು. ಮೇಲೆ ನಿಲ್ಲಿಸಿ ಅಳೆದಾಗ ಮೇಲಿನ ಹೋಸ್ 89, ಕೆಳಗಿನದು 76.

ಜೂನ್ 4, ಭಾನುವಾರ

ಹಸಿರು ಕೂಲಂಟ್ ಮೂರೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಬ್ಲಾಕಿನ ಒಳಗೋಡೆಯ ತುಕ್ಕು ಇನ್ನೂ ಕರಗುತ್ತಿದೆ ಎಂದರು ಮೇಸ್ತ್ರಿಗಳು. ಹೆಡ್ ಬಿಚ್ಚಿದ್ದಾಗಲೇ ಬ್ಲಾಕಿನ ನೀರಿನ ದಾರಿಗಳನ್ನು ಪೈಪ್ ಹಿಡಿದು ತೊಳೆಯಬೇಕಿತ್ತು, ಆ ದಿನ ಪಂಪನ್ನು ನೋಡುತ್ತಾ ಅದನ್ನು ಮರೆತೆ. ಇಂದು ಎಲ್ಲವನ್ನೂ ಇಳಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆದು, ಮತ್ತೆ ತುಂಬಿದೆ; ಹಳೆಯ ಡಬ್ಬಿಯಲ್ಲಿ ಉಳಿದದ್ದರ ಜೊತೆಗೆ 440 ರೂಪಾಯಿಯ ಹೊಸ ಸಾಮಾನು ಹಿಡಿಯಿತು. ಇಲ್ಲಿಯವರೆಗಿನ ಒಟ್ಟು ಖರ್ಚು 10,960 ರೂಪಾಯಿ. ಮೊದಲ ದಿನವೇ ಹೀಟರಿನ ಗಾಳಿಯನ್ನು ಅರ್ಥ ಮಾಡಿಕೊಂಡು, ಮುಳ್ಳು ಏರಿದೊಡನೆ ನಿಲ್ಲಿಸಿದ್ದರೆ, ಪಂಪು, ಬೆಲ್ಟು, ರಾಡಿಂಗ್, ಕೂಲಂಟ್ ಸೇರಿ ನಾಲ್ಕು ಸಾವಿರದೊಳಗೆ ಮುಗಿಯುತ್ತಿತ್ತು.

ರಿಸರ್ವ್ ಡಬ್ಬಿಯ ಮೇಲೆ ಮೇ 21ರಂದು ಮಾರ್ಕರಿನಲ್ಲಿ ಎಳೆದ ಗೆರೆಗಿಂತ ಮಟ್ಟ ಮೂರು ಮಿ.ಮೀ. ಇಳಿದಿತ್ತು. ಹೀಟರ್ ಹೋಸಿನ ಹಳೆಯ ಕ್ಲಿಪ್ಪಿನ ಕೆಳಗೆ ಹಸಿರು ಕಲೆಯಿದೆ. ಹೊಸ ಕ್ಲಿಪ್ ತಂದಿಟ್ಟಿದ್ದೇನೆ, ಬರುವ ಭಾನುವಾರ ಹಾಕಬೇಕು.